ಬಿಲ್ಲೆ ಇಲ್ಲದ ನಾಯಿಗಳ ರಿಜಿಸ್ಟರು

ಸಾಕುನಾಯಿಗೂ ಲೈಸೆನ್ಸ್ ಮಾಡಿಸಬೇಕು ಎನ್ನುವುದು ಬೆಂಗಳೂರಿನ ಮುಕ್ಕಾಲು ಪಾಲು ಜನಕ್ಕೆ ಗೊತ್ತಿಲ್ಲ. ಪಾಲಿಕೆಯಲ್ಲಿ ಆ ಲೈಸೆನ್ಸ್ ಕೊಡುವ ವಿಭಾಗಕ್ಕೆ ವರ್ಗವಾಗುವವರೆಗೆ ನನಗೂ ಗೊತ್ತಿರಲಿಲ್ಲ. ಹೋದ ತಿಂಗಳು ಅಲ್ಲಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ವಿಳಾಸ ಹುಡುಕಿಕೊಂಡು ವಿಜಯನಗರದ ಮನೆಗೆ ಬಂದಿದ್ದಳು. "ಕೆಲಸ ಹೇಗಿರುತ್ತೆ ಮೇಡಂ, ತುಂಬಾ ತಲೆನೋವಾ?" ಎಂದು ಕೇಳಿದಳು. "ಏನಿಲ್ಲಮ್ಮ, ರಿಜಿಸ್ಟರು ಸರಿಯಾಗಿ ಇಟ್ಟುಕೊಂಡರೆ ಆಯ್ತು" ಎಂದು ಕಾಫಿ ಕೊಟ್ಟು ಕಳಿಸಿದೆ. ಅವಳು ಗೇಟು ದಾಟಿದ ಮೇಲೆ ನಾನು ಹೇಳಿದ್ದು ಅರ್ಧ ಸುಳ್ಳು ಅನ್ನಿಸಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಮೆಟ್ರೊ ಕಂಬಗಳು ಏಳುವುದಕ್ಕೆ ಮುಂಚಿನ ಮಾತು. ರಾಜಾಜಿನಗರದಲ್ಲಿ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ನಮ್ಮ ಕೌಂಟರು. ನನ್ನ ಕೆಲಸ ಅರ್ಜಿ ತೆಗೆದುಕೊಳ್ಳುವುದು, ರೇಬೀಸ್ ಚುಚ್ಚುಮದ್ದಿನ ಚೀಟಿ ನೋಡುವುದು, ಶುಲ್ಕ ಕಟ್ಟಿಸಿಕೊಂಡು ನಾಯಿಯ ಕೊರಳಿಗೆ ಕಟ್ಟುವ ಹಿತ್ತಾಳೆ ಬಿಲ್ಲೆ ಕೊಡುವುದು. ಬಿಲ್ಲೆಯ ಆಕಾರ ವರ್ಷವರ್ಷವೂ ಬದಲಾಗುತ್ತಿತ್ತು. ಒಂದು ವರ್ಷ ದುಂಡು, ಇನ್ನೊಂದು ವರ್ಷ ಚೌಕ, ಮತ್ತೊಂದು ವರ್ಷ ತ್ರಿಕೋನ. ನಾಯಿ ಹಿಡಿಯುವವರು ದೂರದಿಂದಲೇ ನೋಡಿ, ಈ ವರ್ಷದ ಲೈಸೆನ್ಸ್ ಆಗಿದೆಯೋ ಇಲ್ಲವೋ ಎಂದು ತಿಳಿದುಕೊಳ್ಳಲಿ ಎಂದು ಈ ಏರ್ಪಾಡು.

ಮೊದಲ ಎರಡು ವರ್ಷ ನಗು ಬರುವಂಥದ್ದೇ ಹೆಚ್ಚು. ಮಹಾಲಕ್ಷ್ಮಿ ಲೇಔಟಿನ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಒಂದೇ ಲೈಸೆನ್ಸಿನಲ್ಲಿ ಎರಡು ನಾಯಿ ಬರೆಯಬೇಕೆಂದು ಹಟ ಹಿಡಿದಿದ್ದರು. "ಎರಡೂ ಒಂದೇ ಸೂಲಿನವು ಕಣಮ್ಮ, ಒಂದೇ ತಟ್ಟೆಲಿ ತಿಂತವೆ, ಒಂದೇ ಹೆಸರಲ್ಲಿ ಕರೆದ್ರೆ ಎರಡೂ ಬರ್ತವೆ. ಲೆಕ್ಕಕ್ಕೆ ಒಂದೇ ತಾನೆ" ಎಂದು ಅರ್ಧ ದಿನ ವಾದಿಸಿದರು. ನಾನು ಒಪ್ಪಲಿಲ್ಲ. ಮಾರನೆಯ ದಿನ ಎರಡು ಅರ್ಜಿ ತುಂಬಿಕೊಂಡು ಬಂದರು. ಎರಡರಲ್ಲೂ ನಾಯಿಯ ಹೆಸರು ರಾಮು ಎಂದೇ ಇತ್ತು.

ಆಮೇಲೆ ನನ್ನನ್ನು ವಾರಕ್ಕೆ ಮೂರು ದಿನ ನಾಯಿ ಶೆಡ್ಡಿಗೂ ಹಾಕಿದರು. ಬೀದಿನಾಯಿಗಳನ್ನು ಹಿಡಿದು ತಂದು, ಆಪರೇಷನ್ ಮಾಡಿ, ಚುಚ್ಚುಮದ್ದು ಹಾಕಿ, ಹಿಡಿದ ಜಾಗಕ್ಕೇ ವಾಪಸು ಬಿಡುವ ಜಾಗ ಅದು. ಹೇರೋಹಳ್ಳಿ ದಾಟಿ ಇನ್ನೂ ಒಳಗೆ, ಸೈಟುಗಳ ಕಲ್ಲು ನೆಟ್ಟಿದ್ದರೂ ಮನೆಗಳು ಎದ್ದಿರದ ಕಡೆ ಇತ್ತು. ಬಸ್ಸಿಳಿದು ಕೆಸರಿನಲ್ಲಿ ನಡೆಯಬೇಕು. ನಾಯಿಗಳು ಕಾಣುವ ಮೊದಲೇ ವಾಸನೆ ಬರುತ್ತಿತ್ತು. ಫಿನಾಯಿಲ್, ಉಚ್ಚೆ, ಅದರಡಿಯಲ್ಲಿ ಇನ್ನೊಂದು ಏನೋ. ಅದೇನು ಎಂದು ಮೊದಲ ದಿನ ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಎರಡೇ ದೊಡ್ಡ ಕೋಣೆಗಳು. ಹದಿನೈದು ನಾಯಿ ಹಿಡಿಸುವ ಕಡೆ ನಲವತ್ತಿರುತ್ತಿದ್ದವು. ಹುಷಾರಿಲ್ಲದವು, ಇರುವವು, ಮರಿಗಳು, ಮುದಿಯವು, ಎಲ್ಲ ಒಟ್ಟಿಗೆ. ಬಿಲ್ಲೆ ಇದ್ದು ತಪ್ಪಿಸಿಕೊಂಡ ಸಾಕುನಾಯಿಗಳಿಗೆ ಮಾತ್ರ ಪಕ್ಕದಲ್ಲಿ ನಾಲ್ಕು ಕಬ್ಬಿಣದ ಗೂಡುಗಳಿದ್ದವು. ಒಂದೊಂದಕ್ಕೆ ಒಂದೊಂದು ಗೂಡು, ನೀರಿನ ಬೋಗುಣಿ, ಹಾಸಲು ಗೋಣಿಚೀಲ. ಕೊರಳಲ್ಲಿ ಬಿಲ್ಲೆ ಇದ್ದರೆ ಗೂಡು, ಇಲ್ಲದಿದ್ದರೆ ದೊಡ್ಡ ಕೋಣೆ. ವ್ಯತ್ಯಾಸ ಅಷ್ಟೇ.

ಶೆಡ್ಡಿನ ಡಾಕ್ಟರು ನಂಜಪ್ಪನವರು. ಅವರನ್ನು ಕೆಟ್ಟವರು ಎಂದು ನಾನು ಇವತ್ತಿಗೂ ಹೇಳಲಾರೆ. ಬೆಳಗ್ಗೆ ಎಂಟಕ್ಕೆ ಬಂದು ಸಂಜೆವರೆಗೆ ನಿಂತೇ ಆಪರೇಷನ್ ಮಾಡುತ್ತಿದ್ದರು. ಊಟದ ಡಬ್ಬಿ ಎಷ್ಟೋ ದಿನ ಹಾಗೇ ವಾಪಸು ಹೋಗುತ್ತಿತ್ತು. ಶೆಡ್ಡನ್ನು ಸರಿಮಾಡಬೇಕು, ಹುಷಾರಿಲ್ಲದ ನಾಯಿಗಳಿಗೆ ಬೇರೆ ಕೋಣೆ ಕಟ್ಟಿಸಬೇಕು, ಕೋಣೆಗಳ ನಡುವೆ ಗೋಡೆ ಎಬ್ಬಿಸಬೇಕು ಎನ್ನುವುದು ಅವರ ಒಂದೇ ಆಸೆ. ಅದಕ್ಕೆ ಹಣ ಕೇಳಿ ಬರೆದ ಪತ್ರಗಳೆಲ್ಲ ಮೇಲಿನ ಕಚೇರಿಯಲ್ಲಿ ಕೂತಿದ್ದವು.

ಒಂದು ದಿನ ಅವರು ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. "ಗಿರಿಜಾ, ಬೇರೆ ಕಡೆಯಿಂದ ದುಡ್ಡು ಬರಲ್ಲ. ಲೈಸೆನ್ಸ್ ಫೀಸ್ ಜಾಸ್ತಿ ಮಾಡಿಸೋಣ. ಸಾಕೋರು ಕೊಡ್ತಾರೆ. ಅದನ್ನ ಶೆಡ್ಡಿಗೇ ಹಾಕ್ಬೇಕು ಅಂತ ಬರೀರಿ. ನಿಮ್ಮ ಟಿಪ್ಪಣಿ ಚೆನ್ನಾಗಿರುತ್ತೆ" ಎಂದರು.

ನಾನು ಬರೆದೆ. ಮೂರು ಪುಟ. ನಾಯಿ ಸಾಕುವುದು ಅನುಕೂಲಸ್ಥರು, ಹೆಚ್ಚಿನ ಶುಲ್ಕ ಅವರಿಗೆ ಹೊರೆಯಾಗಲಾರದು ಎಂಬ ವಾಕ್ಯ ನನ್ನದೇ. ದಿನಾ ಕೌಂಟರಿನಲ್ಲಿ ಕೂತು ಯಾರ್ಯಾರು ಬರುತ್ತಾರೆ ಎಂದು ಕಣ್ಣಾರೆ ನೋಡುತ್ತಿದ್ದವಳು ನಾನು. ಟೈಲರು, ಆಟೋದವರು, ಬಾಪೂಜಿ ನಗರದ ಹಾಲಿನವರು, ಗ್ಯಾರೇಜಿನವರು ಬರುತ್ತಿದ್ದರು. ಆದರೂ ಬರೆಯುವಾಗ ನನ್ನ ಕಣ್ಣ ಮುಂದೆ ಬಂದದ್ದು ದೊಡ್ಡ ಗೇಟಿನ ಮನೆಗಳ ಆಲ್ಸೇಷನ್ ನಾಯಿಗಳೇ. ಆ ಟಿಪ್ಪಣಿಗೆ ಒಂದೇ ವಾರದಲ್ಲಿ ಒಪ್ಪಿಗೆ ಸಿಕ್ಕಿತು. ಶುಲ್ಕ ಮೂರು ಪಟ್ಟಾಯಿತು.

ದೊಡ್ಡ ಗೇಟಿನವರು ಗೊಣಗುತ್ತ ಕಟ್ಟಿದರು. ಉಳಿದವರು ಬರುವುದನ್ನೇ ನಿಲ್ಲಿಸಿದರು. ಹಿಂದಿನ ವರ್ಷ ಕ್ಯೂ ಇರುತ್ತಿದ್ದ ತಿಂಗಳಲ್ಲಿ ನಾನು ಕೌಂಟರಿನ ಹಿಂದೆ ಪೇಪರು ಓದುತ್ತಿದ್ದೆ. ಬಿಲ್ಲೆ ಇಲ್ಲದ ನಾಯಿಗಳು ಹೆಚ್ಚಾದವು. ಕೆಲವರು ಸಾಕಿದ್ದನ್ನೇ ಬಿಟ್ಟರು. ದೊಡ್ಡ ಕೋಣೆಗಳಿಗೆ ಇನ್ನಷ್ಟು ನಾಯಿ ಬಂತು. ಬಂದಷ್ಟು ಹಣಕ್ಕೂ ಮೇಲಿನ ಕಚೇರಿ ಬೇರೆ ದಾರಿ ತೋರಿಸಿತು.

ಜಯಮ್ಮ ಕೌಂಟರಿಗೆ ಬಂದದ್ದು ಆ ವರ್ಷವೇ. ಬಸವೇಶ್ವರನಗರದ ಒಂದು ಅಡ್ಡರಸ್ತೆಯ ಮೂಲೆಯಲ್ಲಿ ಅವಳ ಗಂಡ ಪುಟ್ಟಸ್ವಾಮಿಯ ಇಸ್ತ್ರಿ ಗಾಡಿ ಇತ್ತು. ನಾಲ್ಕು ವರ್ಷದಿಂದ ತಪ್ಪದೆ ಲೈಸೆನ್ಸ್ ಮಾಡಿಸುತ್ತಿದ್ದರು. ನಾಯಿ ಖಾಕಿ ಬಣ್ಣದ್ದು, ಎದೆಯ ಮೇಲೆ ಅಡ್ಡಕ್ಕೆ ಬಿಳಿ ಪಟ್ಟಿ. ಅದಕ್ಕೆ ದಫೇದಾರ ಎಂದು ಹೆಸರಿಟ್ಟಿದ್ದರು. ಪುಟ್ಟಸ್ವಾಮಿಗೆ ಕಿವಿ ಕೇಳಿಸುವುದಿಲ್ಲ. ಹತ್ತಿರ ಬಂದು ಜೋರಾಗಿ ಕೂಗಿದರೆ ಅಲ್ಪಸ್ವಲ್ಪ. ಗಿರಾಕಿ ಬಂದು ಕರೆದರೆ ನಾಯಿ ಗಾಡಿಯ ಕೆಳಗಿನಿಂದ ಎದ್ದು ಪುಟ್ಟಸ್ವಾಮಿಯ ಪಂಚೆ ಹಿಡಿದು ಎಳೆಯುತ್ತಿತ್ತು. ಹಿಂದಿನಿಂದ ಗಾಡಿ ಹಾರ್ನ್ ಮಾಡಿದರೂ ಎಳೆಯುತ್ತಿತ್ತು. ಇದನ್ನೆಲ್ಲ ಜಯಮ್ಮ ಪ್ರತಿವರ್ಷ ಅರ್ಜಿ ತುಂಬಿಸುವಾಗ ಹೇಳುತ್ತಿದ್ದಳು.

ಹೊಸ ಶುಲ್ಕ ಕೇಳಿ ಅವಳು ಕೈಯಲ್ಲಿದ್ದ ನೋಟುಗಳನ್ನು ಇನ್ನೊಂದು ಸಲ ಎಣಿಸಿದಳು. "ಇಷ್ಟೊಂದಾ ಮೇಡಂ? ಹೋದ ವರ್ಷ ಇಷ್ಟಿರಲಿಲ್ಲ."

"ಆರ್ಡರ್ ಆಗಿದೆಯಮ್ಮ. ನಾನೇನು ಮಾಡ್ಲಿ?"

"ಮುಂದಿನ ತಿಂಗಳು ಬಂದ್ರೆ ಆಗುತ್ತಾ?"

"ಬನ್ನಿ" ಎಂದೆ. ಆ ಆರ್ಡರಿನ ಹಿಂದಿದ್ದ ಟಿಪ್ಪಣಿ ಯಾರದು ಎಂದು ಅವಳಿಗೆ ಗೊತ್ತಿರಲಿಲ್ಲ.

ಆ ಮುಂದಿನ ತಿಂಗಳು ಬರುವ ಮೊದಲೇ ನಾಯಿ ಹಿಡಿಯುವ ವ್ಯಾನು ಅವರ ಬೀದಿಗೆ ಹೋಯಿತು. ಮಗುವೊಂದಕ್ಕೆ ನಾಯಿ ಕಚ್ಚಿದೆ ಎಂದು ಬಡಾವಣೆಯವರು ದೂರು ಕೊಟ್ಟಿದ್ದರು. ಅದು ಶನಿವಾರ. ವ್ಯಾನಿನಲ್ಲಿದ್ದವನು ಮುನಿಯಪ್ಪ. ಬಾಪೂಜಿ ನಗರದವನು, ನಲವತ್ತೈದು ದಾಟಿದ್ದ, ಮೊದಲಿನಿಂದಲೂ ಗುತ್ತಿಗೆ ಕೆಲಸಗಾರ. ಕೈತುಂಬ ಕಚ್ಚಿದ ಗಾಯದ ಕಲೆಗಳು. ಬಲೆ ಹಾಕುವ ಮೊದಲು ನಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಏನೋ ಮಾತಾಡುವುದು ಅವನ ರೂಢಿ. ಅವತ್ತು ಅವನು ನನಗೆ ಫೋನ್ ಮಾಡಿದ.

"ಮೇಡಂ, ಇಲ್ಲೊಂದಕ್ಕೆ ಹಳೇ ಬಿಲ್ಲೆ ಇದೆ. ದುಂಡಂದು. ಏನ್ ಮಾಡ್ಲಿ?"

ನನ್ನ ಮುಂದೆ ತಿಂಗಳ ವರದಿ ಇತ್ತು. "ಈ ವರ್ಷದ್ದು ಚೌಕ ಅಲ್ವಾ?"

"ಹೂಂ, ಅದಿಲ್ಲ. ಸಾಧು ನಾಯಿ ಮೇಡಂ. ಯಾರೋ ಸಾಕಿರೋದೇ."

"ರೂಲ್ಸ್ ಪ್ರಕಾರ ಬಿಲ್ಲೆ ಇಲ್ಲ ಅಂತಲೇ ಲೆಕ್ಕ. ಹತ್ತಿಸಿ" ಎಂದೆ.

ಯಾವ ಬೀದಿ, ಯಾರ ನಾಯಿ, ಎಂಥ ಬಣ್ಣದ್ದು, ಒಂದನ್ನೂ ಕೇಳಲಿಲ್ಲ. ಕೇಳಿದ್ದರೆ ಅರ್ಧ ನಿಮಿಷ ಹಿಡಿಯುತ್ತಿತ್ತು. ನನ್ನ ಕೆಲಸದ ಜೀವನದಲ್ಲಿ ಮಾಡಿದ ತಪ್ಪುಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ನೆನಪಿಲ್ಲ.

ಭಾನುವಾರ ರಜೆ. ಸೋಮವಾರ ಹಬ್ಬದ ರಜೆ. ಮಂಗಳವಾರ ನಾನು ಶೆಡ್ಡಿಗೆ ಹೋದಾಗ ಮೇಜಿನ ಮೇಲೆ ಬಿಡುಗಡೆ ಚೀಟಿಗಳಿದ್ದವು. ಚೀಟಿ ಎಂದರೆ, ಇಂಥ ನಂಬರಿನ ನಾಯಿಯನ್ನು ಇಂಥ ಕಡೆ ಬಿಟ್ಟಿದ್ದೇವೆ ಎಂದು ಬಿಟ್ಟವರು ಸಹಿ ಹಾಕಿ ಕೊಡುವ ಕಾಗದ. ಹನ್ನೊಂದು ಚೀಟಿ, ಎಲ್ಲದರಲ್ಲೂ ಕೆಂಗೇರಿ ಕಡೆ ಎಂದಿತ್ತು, ಎಲ್ಲದರಲ್ಲೂ ಮುನಿಯಪ್ಪನ ವಕ್ರ ಸಹಿ ಇತ್ತು. ನಾನು ಹನ್ನೊಂದನ್ನೂ ರಿಜಿಸ್ಟರಿನಲ್ಲಿ 'ಬಿಡುಗಡೆ' ಎಂದು ಬರೆದೆ.

ಹೀಗೆ ಬರೆಯುವುದು ಅದೇ ಮೊದಲಲ್ಲ. ಅವುಗಳಲ್ಲಿ ಎಷ್ಟೋ ಬಿಡುಗಡೆಗಳು ಸಾವುಗಳು ಎಂದು ನನಗೆ ಗೊತ್ತಿತ್ತು. ಮೊದಲ ಸಲ ನಾನು ತಡೆದು ಕೇಳಿದ್ದಾಗ ಡಾಕ್ಟರು ಹೇಳಿದ್ದರು: "ಇಷ್ಟು ಸಾವು ಅಂತ ಬರೆದ್ರೆ ಮೇಲಿನೋರು ಶೆಡ್ಡೇ ಮುಚ್ಚಿಸ್ತಾರೆ. ಆಮೇಲೆ ಇವುಗಳ ಗತಿ ಏನು? ಕಟ್ಟಡಕ್ಕೆ ದುಡ್ಡು ಬರೋವರೆಗೆ ಸ್ವಲ್ಪ ತಡ್ಕೊಳ್ಳಿ." ಬಾಯಿಮಾತಿನಲ್ಲಿ ಹೇಳಿದ್ದು. ಆ ಮಾತಿನಲ್ಲಿ ನ್ಯಾಯವಿದೆ ಎಂದು ನಾನು ನಂಬಿದ್ದೆ, ಅಥವಾ ನಂಬಿದರೆ ಅನುಕೂಲ ಎಂದು ನಂಬಿದ್ದೆ.

ಹನ್ನೊಂದು ಗಂಟೆಗೆ ಪುಟ್ಟಸ್ವಾಮಿ, ಜಯಮ್ಮ ಇಬ್ಬರೂ ಬಂದರು. ರಾಜಾಜಿನಗರದ ಕೌಂಟರು ತೆರೆಯುವುದನ್ನೇ ಕಾದು, ಹೊಸ ಶುಲ್ಕ ಕಟ್ಟಿ, ರಸೀದಿ ಮತ್ತು ಚೌಕ ಬಿಲ್ಲೆ ಹಿಡಿದುಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದರು. ಬಿಲ್ಲೆಯನ್ನು ಪುಟ್ಟಸ್ವಾಮಿ ಅಂಗೈಯಲ್ಲಿ ಇಟ್ಟುಕೊಂಡು ನನಗೆ ತೋರಿಸಿದ.

"ಶನಿವಾರ ಹಿಡಿದಿದ್ದಾರೆ ಮೇಡಂ" ಎಂದಳು ಜಯಮ್ಮ. "ಇವರು ಬಟ್ಟೆ ಕೊಡೋಕೆ ಹೋಗಿದ್ರು. ನಾನು ಮನೇಲಿದ್ದೆ. ಅದು ಎಲ್ಲಿದೆ, ಒಂದ್ಸಲ ತೋರ್ಸಿ."

ನನಗೆ ಆ ಹೊತ್ತಿನಲ್ಲೇ ಫೋನಿನ ದುಂಡು ಬಿಲ್ಲೆ ನೆನಪಾಯಿತು. ಬಾಗಿಲಲ್ಲಿ ನಿಂತಿದ್ದ ಮುನಿಯಪ್ಪನನ್ನು ನೋಡಿದೆ. ಅವನು ತಲೆ ಅಲ್ಲಾಡಿಸಿದ. ಒಳಗೆ ಕರೆದು ಕೇಳಿದೆ.

"ದೊಡ್ಡ ಕೋಣೆಗೆ ಬಿಟ್ಟಿದ್ವಿ ಮೇಡಂ. ಅಲ್ಲಿರೋ ದಾಂಡಿಗ ನಾಯಿಗಳು ಸೇರ್ಕೊಂಡು ಕಚ್ಚಿಬಿಟ್ವು. ಅದು ವಾಪಸ್ ಕಚ್ಚಲೇ ಇಲ್ಲ. ನೋಡೋಷ್ಟೊತ್ತಿಗೆ ಆಗೋಗಿತ್ತು. ಡಾಕ್ಟ್ರು ರಜೆ ಇದ್ರೂ ನಿನ್ನೆ ಬಂದು ಹೊಲಿಗೆ ಹಾಕಿದ್ರು. ಉಳೀಲಿಲ್ಲ."

ಹೊರಗೆ ಬಂದೆ. ಜಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ರಿಜಿಸ್ಟರು ತೆರೆದು ಬೆರಳಿಟ್ಟು, "ಬಿಡುಗಡೆ ಆಗಿದೆಯಮ್ಮ. ಕೆಂಗೇರಿ ಕಡೆ ಬಿಟ್ಟಿದ್ದಾರೆ" ಎಂದೆ.

"ಅಷ್ಟು ದೂರನಾ? ಹಿಡಿದ ಜಾಗಕ್ಕೇ ಬಿಡ್ತೀರಿ ಅಂದಿದ್ರಲ್ಲ ಮೇಡಂ?"

"ಕೆಲವು ಸಲ ಹಾಗಾಗುತ್ತೆ."

ಅವಳು ಗಂಡನ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದಳು: "ಬಿಟ್ಟಿದ್ದಾರಂತೆ. ಕೆಂಗೇರೀಲಿ. ಬದುಕಿದೆ." ಪುಟ್ಟಸ್ವಾಮಿಯ ಮುಖದಲ್ಲಿ ನಗು ಬಂತು. ನನಗೆ ಕೈ ಮುಗಿದು, ಹೆಂಡತಿಯನ್ನು ಕರೆದುಕೊಂಡು ಕೆಸರಿನಲ್ಲಿ ಸರಸರ ನಡೆದುಹೋದ.

ಬದುಕಿದೆ ಎಂದು ನಾನು ಹೇಳಿರಲಿಲ್ಲ. ಆ ಒಂದು ಕಾರಣ ಇಟ್ಟುಕೊಂಡು ಮೂರು ವಾರ ದಿನ ದೂಡಿದೆ.

ಮುನಿಯಪ್ಪ ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ಬಂದು ನಿಂತ. ವ್ಯಾನಿನ ಕೆಲಸಕ್ಕೆ ಕೆಂಗೇರಿಗೆ ಹೋಗಿ ಬಂದಿದ್ದ. "ಆ ಇಸ್ತ್ರಿಯವರನ್ನ ನೋಡ್ದೆ ಮೇಡಂ. ಬಸ್ ಸ್ಟ್ಯಾಂಡಿನ ಹಿಂದೆ, ಕೆರೆ ಕಡೆ. ಕೈಯಲ್ಲಿ ಅದು ತಿಂತಿದ್ದ ತಟ್ಟೆ ಇತ್ತು. ದಫೇದಾರ ಅಂತ ಕೂಗ್ತಾರೆ. ಕೂಗಿ ಸುತ್ತ ನೋಡ್ತಾರೆ. ಅದು ಬೊಗಳಿದ್ರೂ ಅವರಿಗೆ ಕೇಳ್ಸಲ್ವಲ್ಲ, ಅದಕ್ಕೆ ಎಲ್ಲ ಕಡೆ ತಿರುಗಿ ತಿರುಗಿ ನೋಡ್ತಾರೆ. ದಿನಾ ಮಧ್ಯಾಹ್ನ ಬರ್ತಾರಂತೆ. ಟೀ ಅಂಗಡಿಯವನು ಹೇಳ್ದ." ಆಮೇಲೆ, "ನಾನು ವ್ಯಾನಿಂದ ಇಳೀಲಿಲ್ಲ ಮೇಡಂ. ನೀವಾದ್ರೂ ಹೇಳ್ಬಿಡಿ" ಎಂದ.

ಅವತ್ತು ಅರ್ಧ ದಿನ ರಜೆ ಹಾಕಿ ಹೊರಟೆ. ನಾನು ಮುಟ್ಟುವಷ್ಟರಲ್ಲಿ ಪುಟ್ಟಸ್ವಾಮಿ ಕೆಂಗೇರಿಯಿಂದ ಬಂದು ಗಾಡಿಯ ಹತ್ತಿರ ಇದ್ದಲು ಹೊತ್ತಿಸುತ್ತಿದ್ದ. ಶಾಲೆ ಬಿಡುವ ಹೊತ್ತು. ಬೀದಿಯಲ್ಲಿ ಜನ, ಸ್ಕೂಟರುಗಳು. ಜಯಮ್ಮ ಬಟ್ಟೆ ಗಂಟು ತರಲು ಹೋಗಿದ್ದಳು. ನಾನು ಹೋಗಿ ನಿಂತರೂ ಅವನಿಗೆ ತಿಳಿಯಲಿಲ್ಲ. ತೋಳು ಮುಟ್ಟಿದೆ. ಬೆಚ್ಚಿಬಿದ್ದು ತಿರುಗಿದ.

"ನಿಮ್ಮ ನಾಯಿ ವಿಷಯ" ಎಂದೆ. ಕೇಳಿಸಲಿಲ್ಲ. ಕಿವಿಗೆ ಕೈ ಇಟ್ಟು ಬಾಗಿದ. ಬ್ಯಾಗಿನಿಂದ ಕಾಗದ ತೆಗೆದು ಬರೆಯಹೋದೆ. ಓದಲು ಬರುವುದಿಲ್ಲ ಎಂದು ಕೈಯಾಡಿಸಿದ. ಮೆಲ್ಲಗೆ ಹೇಳಿ ಮುಗಿಸುವ ದಾರಿ ನನಗಿರಲಿಲ್ಲ. ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ.

"ದಫೇದಾರ ಇಲ್ಲ. ಸತ್ತುಹೋಯ್ತು. ಶೆಡ್ಡಲ್ಲೇ ಸತ್ತಿತು. ನಾನು ಸುಳ್ಳು ಹೇಳಿದೆ."

ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. ಅರ್ಥವಾಯಿತೋ ಇಲ್ಲವೋ ತಿಳಿಯದೆ ಇನ್ನೊಂದು ಸಲ ಕೂಗಿದೆ. ಎದುರಿನ ಬೇಕರಿಯವರು ಹೊರಗೆ ಬಂದು ನಿಂತರು. ಗಂಟು ಹೊತ್ತು ಬರುತ್ತಿದ್ದ ಜಯಮ್ಮ ರಸ್ತೆಯ ನಡುವೆಯೇ ನಿಂತಳು.

ಪುಟ್ಟಸ್ವಾಮಿ ಕೇಳಿದ್ದು ಒಂದೇ ಮಾತು. "ಎಲ್ಲಿ ಮಣ್ಣು ಮಾಡಿದ್ರಿ?"

ಸತ್ತವುಗಳನ್ನೆಲ್ಲ ಒಟ್ಟಿಗೆ ಒಂದು ಹಳ್ಳಕ್ಕೆ ಹಾಕಿ ಸುಣ್ಣ ಸುರಿಯುತ್ತಿದ್ದರು. ಅದನ್ನು ಕೂಗಿ ಹೇಳುವ ಶಕ್ತಿ ನನಗಿರಲಿಲ್ಲ. ಗೊತ್ತಿಲ್ಲ ಎಂದು ಕೈಯಾಡಿಸಿದೆ. ಅವನು ತಿರುಗಿ ಮತ್ತೆ ಇದ್ದಲಿಗೆ ಗಾಳಿ ಬೀಸತೊಡಗಿದ.

ಜಯಮ್ಮ ಹತ್ತಿರ ಬಂದಳು. ಅಳಲಿಲ್ಲ, ಬೈಯಲಿಲ್ಲ. "ಮೂರು ವಾರ ಮೇಡಂ. ನಿನ್ನೆ ರಸ್ತೆ ದಾಟುವಾಗ ಲಾರಿ ಕೆಳಗೆ ಹೋಗ್ತಿದ್ರು. ಏನಾದ್ರೂ ಆಗಿದ್ರೆ ಆಗಲೂ ಬಿಡುಗಡೆ ಅಂತ ಬರ್ಕೊತಿದ್ರಾ?" ಎಂದಳು. ನಾನು ತಲೆ ತಗ್ಗಿಸಿ ಬಸ್ ಸ್ಟಾಪಿಗೆ ನಡೆದೆ.

ಮಾರನೆಯ ದಿನದಿಂದ ಸಾವನ್ನು ಸಾವು ಎಂದೇ ಬರೆದೆ. ಡಾಕ್ಟರು ಕೂಗಾಡಲಿಲ್ಲ. "ನಾವು ಕಟ್ಬೇಕು ಅಂತಿದ್ದನ್ನೆಲ್ಲ ನೀವು ಬೀಳಿಸ್ತಾ ಇದೀರಿ ಗಿರಿಜಾ" ಎಂದರು, ಅಷ್ಟೇ. ತಿಂಗಳ ವರದಿ ಮೇಲೆ ಹೋಯಿತು. ವಿಚಾರಣೆ ಬಂತು. ನಾನು ಆರು ಪುಟದ ಹೇಳಿಕೆ ಬರೆದುಕೊಟ್ಟೆ. ನಡೆದದ್ದನ್ನೆಲ್ಲ ಬರೆದೆ. ಡಾಕ್ಟರು ಹೇಳಿದ್ದು ಬರಿಯ ಬಾಯಿಮಾತು, ಪುರಾವೆ ಇಲ್ಲ ಎಂದು ವಿಚಾರಣೆಯವರು ಅದನ್ನು ಬದಿಗಿಟ್ಟರು. ಡಾಕ್ಟರಿಗೆ ವರ್ಗವಾಯಿತು. ನನಗೆ ಎಚ್ಚರಿಕೆಯ ಪತ್ರ ಬಂತು. ಸುಳ್ಳು ಚೀಟಿಗಳ ಮೇಲೆ ಸಹಿ ಇದ್ದದ್ದು ಮುನಿಯಪ್ಪನದು, ಅವನು ಗುತ್ತಿಗೆಯವನು. ಅವನನ್ನು ಅದೇ ವಾರ ತೆಗೆದುಹಾಕಿದರು.

ವಿಚಿತ್ರವೆಂದರೆ, ಮುಚ್ಚುತ್ತಾರೆ ಎಂದು ಹೆದರಿದ್ದ ಶೆಡ್ಡನ್ನು ಯಾರೂ ಮುಚ್ಚಲಿಲ್ಲ. ಸಾವಿನ ಲೆಕ್ಕ ನೋಡಿದ ಮೇಲೇ ಹಣ ಬಂತು. ಕೋಣೆಗಳಿಗೆ ಅಡ್ಡಗೋಡೆ ಬಂತು, ಕಾಯಿಲೆ ನಾಯಿಗಳಿಗೆ ಬೇರೆ ಜಾಗವಾಯಿತು. ಪ್ರತಿ ನಾಯಿಗೂ ಫೋಟೊ ಅಂಟಿಸಿದ ಕಾರ್ಡು. ಹಳೆಯ ಬಿಲ್ಲೆ ಇದ್ದರೂ ಸಾಕುನಾಯಿ ಎಂದೇ ಲೆಕ್ಕ. ಶುಲ್ಕ ಇಳಿಸಬೇಕು ಎಂದು ಇನ್ನೊಂದು ಟಿಪ್ಪಣಿ ಬರೆದೆ. ಅದು ಒಪ್ಪಿಗೆಯಾಗಲು ಎರಡು ವರ್ಷ ಹಿಡಿಯಿತು.

ಆ ಹೊಸ ಶೆಡ್ಡಿಗೆ ಮುನಿಯಪ್ಪ ಒಮ್ಮೆ ಬಂದ. ಮೈಸೂರು ರಸ್ತೆಯಲ್ಲಿ ಗೋದಾಮೊಂದರಲ್ಲಿ ಮೂಟೆ ಹೊರುತ್ತಿದ್ದನಂತೆ, ಬೆನ್ನು ಹಿಡಿದುಕೊಂಡು ಅದೂ ಬಿಟ್ಟುಹೋಗಿತ್ತು. ಒಳಗೆ ಕರೆದುಕೊಂಡು ಹೋಗಿ ತೋರಿಸಿದೆ. ಒಂದೊಂದು ಕೋಣೆಯ ಮುಂದೂ ನಿಂತು ನೋಡಿದ. "ಚೆನ್ನಾಗಾಗಿದೆ ಮೇಡಂ. ತೊಳೆಯೋ ಕೆಲಸ ಏನಾದ್ರೂ ಇದ್ರೆ ಕೊಡ್ಸಿ. ಬಲೆ ಹಿಡಿಯೋದು ಬೇಡ. ತೊಳ್ಕೊಂಡು, ಅನ್ನ ಹಾಕ್ಕೊಂಡು ಇರ್ತೀನಿ" ಎಂದ.

ಅವನ ಪರವಾಗಿ ನಾನೇ ಅರ್ಜಿ ಬರೆದು ಮೇಲೆ ಕಳಿಸಿದೆ. ಒಂದೂವರೆ ತಿಂಗಳಿಗೆ ವಾಪಸು ಬಂತು. ಸುಳ್ಳು ಬಿಡುಗಡೆ ಚೀಟಿಗಳಿಗೆ ಸಹಿ ಮಾಡಿದ್ದಾನೆಂದು ವಿಭಾಗದ ಸಿಬ್ಬಂದಿಯೇ ಲಿಖಿತವಾಗಿ ಹೇಳಿರುವುದರಿಂದ ಮರುನೇಮಕ ಸಾಧ್ಯವಿಲ್ಲ ಎಂದಿತ್ತು. ಆಧಾರಕ್ಕೆಂದು ನನ್ನ ಹೇಳಿಕೆಯ ನಾಲ್ಕನೆಯ ಪುಟ ಲಗತ್ತಿಸಿದ್ದರು. ಆ ಪುಟದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಈ ಸಲ ತಡಮಾಡದೆ ಅವತ್ತೇ ಬಾಪೂಜಿ ನಗರಕ್ಕೆ ಹೋದೆ. ಕಾಗದವನ್ನು ಅವನ ಕೈಗೆ ಕೊಟ್ಟು, ಏನು ಬರೆದಿದೆ, ಯಾರು ಬರೆದದ್ದು ಎಂದು ಹೇಳಿದೆ. ಮುನಿಯಪ್ಪ ಕಾಗದವನ್ನು ನೋಡಲಿಲ್ಲ. ನಾಲ್ಕಾಗಿ ಮಡಿಸಿ ವಾಪಸು ಕೊಟ್ಟ. "ನನಗೆ ಓದೋಕೆ ಬರಲ್ಲ ಮೇಡಂ. ಆ ಚೀಟಿಗಳಲ್ಲಿ ಏನ್ ಬರ್ದಿತ್ತು ಅಂತಾನೂ ಯಾರೂ ನನಗೆ ಓದಿ ಹೇಳ್ಲಿಲ್ಲ. ಸಹಿ ಹಾಕು ಅಂದ್ರು, ಹಾಕ್ದೆ" ಎಂದ.

ಅಷ್ಟು ವರ್ಷ ಅವನ ಸಹಿ ನೋಡಿದವಳು, ಅವನಿಗೆ ಓದಲು ಬರುತ್ತದೆಯೋ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.